ಮುಖ್ಯಾಧಿಕಾರಿ ಮೇಡಂ ಮತ್ತೆ ಪಾಠಕ್ಕೆ ಕೂತರು

ಇಸ್ತ್ರಿ ಅಂಗಡಿಯ ಯಜಮಾನರು ಪುರಸಭೆ ಕಚೇರಿಗೆ ಬಂದವರೇ, ಮುಖ್ಯಾಧಿಕಾರಿ ಮೇಡಂ ಮೇಜಿನ ಮೇಲೆ ಒಂದು ಬಿಳಿ ಅಂಗಿ ಹಾಸಿಬಿಟ್ಟರು.

"ಮೂಸಿ ನೋಡಿ ಮೇಡಂ."

"ಏನ್ರೀ ಇದು?"

"ಗಿರಾಕಿ ಅಂಗಿ. ನಲ್ಲಿ ನೀರು ಚಿಮುಕಿಸಿ ಇಸ್ತ್ರಿ ಇಟ್ಟೆ. ಬಿಸಿ ತಾಗಿದ್ದೇ ತಡ, ಚರಂಡಿ ವಾಸನೆ ಗಪ್ ಅಂತ ಎದ್ದಿತು. ಅವರು ನನ್ನ ಮುಖಕ್ಕೇ ಎಸೆದು ಹೋದರು."

ಮೇಡಂ ಮೂಸಿದರು. ಅಂಗಿಯನ್ನು ಮೆಲ್ಲಗೆ ಆಚೆ ಸರಿಸಿದರು.

"ಅಂಗಿ ಹಾಳಾಗಿ ಹೋಗಲಿ ಬಿಡಿ," ಯಜಮಾನರ ದನಿ ಇಳಿಯಿತು. "ನಮ್ಮ ಓಣಿಯ ಮಕ್ಕಳಿಗೆಲ್ಲ ಭೇದಿ ಹತ್ತಿದೆ. ಪಕ್ಕದ ಮನೆ ಮಗುವನ್ನ ನಿನ್ನೆ ಆಸ್ಪತ್ರೆಗೆ ಸೇರಿಸಿದ್ದಾರೆ."

ಮೇಡಂ ಕೂಡಲೇ ಫೋನ್ ಎತ್ತಿದರು. ಟ್ಯಾಂಕ್ ತೊಳೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ, ಓಣಿಗೆ ಟ್ಯಾಂಕರ್ ಕಳಿಸಿ ಅಂದರು. ಗುಮಾಸ್ತೆಯಾಗಿ ಸೇರಿ ಮುಖ್ಯಾಧಿಕಾರಿ ಕುರ್ಚಿಗೆ ಬಂದವರು ಅವರು. ಊರಿನ ಯಾವ ಬೀದಿಯಲ್ಲಿ ಯಾವ ದೀಪ ಕೆಟ್ಟಿದೆ ಅಂತ ಕಣ್ಣು ಮುಚ್ಚಿ ಹೇಳುವ ಹೆಂಗಸು. ಆದರೆ ಈ ವಾಸನೆ ಮಾತ್ರ ಅವರಿಗೆ ಬಗ್ಗುತ್ತಿರಲಿಲ್ಲ. ಹೋದಂತೆ ಮಾಡುವುದು, ಮತ್ತೆ ವಕ್ಕರಿಸುವುದು.

ಅದೇ ವಾರ ತರಬೇತಿ ಸಂಸ್ಥೆಯಿಂದ ಒಂದು ಸುತ್ತೋಲೆ ಬಂತು. ಅನುಭವಿ ಅಧಿಕಾರಿಗಳಿಗೆ ಆನ್‌ಲೈನ್ ತರಬೇತಿ, ವಾರಕ್ಕೊಂದು ಸಂಜೆ, ವಿಷಯ ಕುಡಿಯುವ ನೀರು ಮತ್ತು ಜನರ ದೂರು. ಮೇಡಂ ಓದಿ ನಕ್ಕರು. "ನೀರಿನ ವಿಷಯ ನನಗೇ ಹೇಳಿಕೊಡ್ತಾರಂತೆ!"

ಮನೆಯಲ್ಲೂ ಅಡ್ಡ ಮಾತೇ. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ, "ಹಗಲೆಲ್ಲ ಆಫೀಸು. ಇನ್ನು ಸಂಜೆನೂ ಅದೇನಾ?" ಅಂದರು.

ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. "ತಲೆ ನರೆತ ಮೇಲೆ ಪಾಠಾನಾ? ನೋಡಿದವರು ಏನಂದಾರು!"

ಮೇಡಂ ಸುಲಭದ ದಾರಿ ಹಿಡಿದರು. ಹೆಸರು ನೋಂದಾಯಿಸಿ, ಕಚೇರಿಯ ಕಂಪ್ಯೂಟರ್ ಆಪರೇಟರನ್ನು ಕರೆದು, "ನನ್ನ ಹೆಸರಲ್ಲಿ ನೀವೇ ಕೂತುಬಿಡಿ, ಹಾಜರಿ ಬಿದ್ದರೆ ಸಾಕು," ಅಂದರು.

ಮೊದಲ ತರಗತಿ ಮುಗಿಯುತ್ತಿದ್ದಂತೆ ಫೋನ್ ಬಡಿದುಕೊಂಡಿತು. ಪಕ್ಕದ ಪಟ್ಟಣದ ಮುಖ್ಯಾಧಿಕಾರಿ, ಹಳೇ ಗೆಳತಿ. ಬಾಯಿ ಬಿಟ್ಟರೆ ಪಟಪಟ ಸಿಡಿಯುತ್ತಿದ್ದರಿಂದ ಆಕೆಗೆ ಪಟಾಕಿ ಅಂತಲೇ ಅಡ್ಡಹೆಸರು.

"ಏನೇ, ಎಲ್ಲಿ ಹೋಗಿದ್ದೆ? ನಾನೂ ಅದೇ ತರಗತಿಯಲ್ಲಿದ್ದೆ, ತರಬೇತಿ ಮೇಷ್ಟ್ರು ನಿನ್ನ ಹೆಸರು ಹಿಡಿದು ಕರೆದರು. 'ಇಷ್ಟು ವರ್ಷ ಊರು ನೋಡಿದವರು, ಒಂದೆರಡು ಮಾತು ಹೇಳಿ' ಅಂದರು. ನಿನ್ನ ಕಡೆಯಿಂದ ಉಸಿರೇ ಇಲ್ಲ!"

ಮೇಡಂ ಮುಖ ಕೆಂಪಾಯಿತು. "ನನಗೆ ಗೊತ್ತಿಲ್ಲದ್ದು ಅವರೇನು ಹೇಳ್ತಾರೆ ಕಣೇ?"

"ಹಾಗಾದರೆ ನಿನ್ನ ಇಸ್ತ್ರಿ ಓಣಿ ವಾಸನೆ ಹೋಯಿತಾ?"

ಮೇಡಂ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ನಾನೂ ಹೀಗೇ ಜಂಭ ಪಟ್ಟಿದ್ದೆ," ಪಟಾಕಿಯ ದನಿ ಮೆತ್ತಗಾಯಿತು. "ಹೋದ ವರ್ಷ ಕಸದ ತರಬೇತಿಗೆ ಕೂತೆ. ಅಲ್ಲಿ ಯಾರೂ ಅ ಆ ಇ ಈ ತಿದ್ದಿಸಲ್ಲ. ಎಲ್ಲರೂ ನಮ್ಮಂಥವರೇ, ಪೆಟ್ಟು ತಿಂದವರೇ. ಒಬ್ಬರ ಊರಿನ ತಲೆನೋವಿಗೆ ಇನ್ನೊಬ್ಬರ ಊರಲ್ಲಿ ಮದ್ದು ಇರುತ್ತೆ. ಒಂದು ಸಲ ನೀನೇ ಕೂತು ನೋಡು. ಬೇಡ ಅನ್ನಿಸಿದರೆ ಬಿಡು."

ಮುಂದಿನ ವಾರ ಮೇಡಂ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತಾವೇ ಕೂತರು. ಪರದೆ ತುಂಬ ಚಿಕ್ಕ ಚಿಕ್ಕ ಚೌಕದಲ್ಲಿ ಮುಖಗಳು. ಬಹುಪಾಲು ನರೆತ ತಲೆಗಳೇ. ಸ್ವಲ್ಪ ಧೈರ್ಯ ಬಂತು. ಆದರೆ ಮೈಕ್ ಮುಚ್ಚುವುದು ಮರೆತಿತ್ತು.

"ಹಾಲು ಉಕ್ಕಿ ಒಲೆ ಪಾಲಾಯಿತು ಕಣೇ! ಆ ಡಬ್ಬಿ ಮುಂದೆ ಕೂತು ಯಾರ ಹತ್ತಿರ ಹಲ್ಲು ಕಿರೀತಿದ್ದೀ?" ಅತ್ತೆಯ ದನಿ ತರಗತಿಗೆಲ್ಲ ಕೇಳಿತು.

ಚೌಕಗಳಲ್ಲಿ ನಗು. ಮೇಡಂಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಲ್ಯಾಪ್‌ಟಾಪ್ ಮುಚ್ಚಲು ಕೈ ಹೋಯಿತು. ಅಷ್ಟರಲ್ಲಿ ಮೇಷ್ಟ್ರು ತಾವೂ ನಗುತ್ತಾ, "ಅಮ್ಮನವರಿಗೆ ನಮಸ್ಕಾರ ಹೇಳಿ. ನಮ್ಮ ಮನೆಯಲ್ಲೂ ಇದೇ ಕಥೆ," ಅಂದರು. "ಈಗ ಹೇಳಿ ಮೇಡಂ, ನಿಮ್ಮ ಊರಲ್ಲಿ ಬಿಡಿಸಲಾಗದ ಗಂಟು ಯಾವುದು?"

ಮೇಡಂ ಗಂಟಲು ಸರಿ ಮಾಡಿಕೊಂಡು ಓಣಿಯ ಕಥೆ ಹೇಳಿದರು. ಟ್ಯಾಂಕ್ ತೊಳೆಸಿದ್ದು, ಪೌಡರ್ ಹಾಕಿಸಿದ್ದು, ಎಲ್ಲ.

ಮೇಷ್ಟ್ರು ಉತ್ತರ ಕೊಡಲಿಲ್ಲ. ಪ್ರಶ್ನೆ ಕೇಳಿದರು. "ವಾಸನೆ ಬರೋದು ನೀರು ಬಿಟ್ಟ ಕೂಡಲೇನಾ, ಕೊನೆತನಕಾನಾ? ಊರಿಗೆಲ್ಲನಾ, ಆ ಓಣಿಗೆ ಮಾತ್ರಾನಾ?"

"ಓಣಿಗೆ ಮಾತ್ರ. ಯಾವಾಗ ಅಂತ..." ಮೇಡಂ ತಡೆದರು. "ಅದನ್ನ ನಾನು ಕೇಳಿಲ್ಲ."

ಆಗ ಗುಡ್ಡದ ಮೇಲಿನ ಊರೊಂದರ ಅಧಿಕಾರಿ, ದಪ್ಪ ಮೀಸೆಯವರು, ಬಾಯಿ ಹಾಕಿದರು. "ನಮ್ಮಲ್ಲೂ ಹೀಗೇ ಆಗಿತ್ತು ಮೇಡಂ. ಟ್ಯಾಂಕ್ ನೀರು ಚೆನ್ನಾಗೇ ಇತ್ತು. ಮನೆಗೆ ಹೋಗೋ ಸಣ್ಣ ಪೈಪು ಚರಂಡಿ ಒಳಗೇ ಹಾದು ಹೋಗಿತ್ತು, ತುಕ್ಕು ಹಿಡಿದು ತೂತು. ನೀರು ನಿಲ್ಲಿಸಿದಾಗ ಪೈಪು ಖಾಲಿ ಆಗುತ್ತಲ್ಲ, ಆಗ ಕೊಳಚೆ ಒಳಗೆ ಇಳಿಯುತ್ತೆ. ಮತ್ತೆ ನೀರು ಬಿಟ್ಟಾಗ ಮೊದಲು ಬರೋದು ಅದೇ."

ಮರುದಿನ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಮೇಡಂ ಎಂಜಿನಿಯರ್ ಜೊತೆ ಓಣಿಯಲ್ಲಿ ನಿಂತಿದ್ದರು. ಮನೆ ಮನೆಗೂ ಕೇಳಿದರು. "ಮೊದಲನೇ ಕೊಡ ಮೂಗಿಗೆ ಹಿಡಿಯೋಕಾಗಲ್ಲ ಅಮ್ಮ, ಆಮೇಲೆ ತಿಳಿಯಾಗುತ್ತೆ," ಅಂದಳು ಹೂವಿನ ಅಂಗಡಿಯಾಕೆ. ಎಂಜಿನಿಯರ್ ಚರಂಡಿಯ ಕಲ್ಲು ಎತ್ತಿಸಿದರು. ಕೊಳಚೆಯಲ್ಲಿ ಮುಳುಗಿಕೊಂಡು ಮನೆಗಳ ಪೈಪುಗಳು ಸಾಲಾಗಿ ಮಲಗಿದ್ದವು. ಒಂದರ ಬದಿ ಬೆರಳು ತೂರುವಷ್ಟು ತಿಂದು ಹೋಗಿತ್ತು.

ಮೇಡಂ ಅಲ್ಲೇ ಓಣಿಯ ನೀರು ನಿಲ್ಲಿಸಿದರು. ಟ್ಯಾಂಕರ್ ಬರುವಂತೆ ಮಾಡಿದರು. "ಪೈಪು ಬದಲಾಗೋವರೆಗೂ ಟ್ಯಾಂಕರ್ ನೀರನ್ನೂ ಕುದಿಸಿ, ಆರಿಸಿ ಕುಡಿಯಿರಿ," ಅಂತ ತಾವೇ ಬಾಗಿಲು ಬಾಗಿಲಿಗೆ ಹೋಗಿ ಹೇಳಿದರು.

ಪೈಪು ಚರಂಡಿಯಿಂದ ಹೊರಗೆ ತರಬೇಕೆಂದರೆ ಮನೆಮುಂದಿನ ಕಟ್ಟೆ ಒಡೆಯಬೇಕು. ಅದಕ್ಕೆ ಇಸ್ತ್ರಿ ಯಜಮಾನರೇ ಮೊದಲು ತಿರುಗಿಬಿದ್ದರು. "ಕಟ್ಟೆ ಮುಟ್ಟಿದರೆ ಜೋಕೆ!"

ಇಲ್ಲಿ ಮೇಡಂ ಅನುಭವ ಕೈ ಹಿಡಿಯಿತು. ನೋಟಿಸ್ ಅಂಟಿಸಲಿಲ್ಲ. ಅದೇ ಕಟ್ಟೆ ಮೇಲೆ ಹೋಗಿ ಕೂತರು. ಓಣಿಯವರನ್ನೆಲ್ಲ ಕರೆದರು. "ಇಷ್ಟು ದಿನ ಟ್ಯಾಂಕಿನಲ್ಲೇ ತಪ್ಪು ಹುಡುಕುತ್ತಿದ್ದೆ. ತಪ್ಪು ಇಲ್ಲಿತ್ತು," ಅಂತ ಚರಂಡಿ ತೋರಿಸಿದರು. "ಒಂದು ಮನೆ ಪೈಪು ಒಳಗೆ ಉಳಿದರೂ ಕಾಯಿಲೆ ಓಣಿಯಲ್ಲೇ ಉಳಿಯುತ್ತೆ. ಒಡೆದ ಕಟ್ಟೆಯನ್ನ ಪುರಸಭೆಯೇ ಮೊದಲಿನ ಹಾಗೆ ಕಟ್ಟಿಕೊಡುತ್ತೆ. ನನ್ನ ಮಾತು."

ಯಜಮಾನರು ಬಗ್ಗಿ ಚರಂಡಿಯೊಳಗಿನ ತೂತು ಪೈಪನ್ನು ನೋಡಿದರು. "ಸರಿ, ನಮ್ಮ ಮನೆಯಿಂದಲೇ ಶುರು ಮಾಡಿ," ಅಂದರು. ಆಮೇಲೆ ಬೇರೆ ಯಾರೂ ಕೊಸರಾಡಲಿಲ್ಲ.

ಹೊಸ ಪೈಪು ಬಂತು. ನೀರಿನ ಪರೀಕ್ಷೆ ಮಾಡಿಸಿದ ಮೇಲೇ ನಲ್ಲಿ ನೀರು ಬಿಡಿಸಿದರು. ಆಸ್ಪತ್ರೆಗೆ ಸೇರಿದ್ದ ಮಗು ಮನೆಗೆ ಬಂದು ಓಣಿ ತುಂಬ ಓಡಾಡಿಕೊಂಡಿತ್ತು.

ಕೆಲಸ ಮುಗಿದ ಮೇಲೆ ಬಂದ ತರಗತಿಯಲ್ಲಿ ಮೇಡಂ ಇದನ್ನೆಲ್ಲ ಹೇಳಿದಾಗ ಮೀಸೆಯವರು ಥಟ್ಟನೆ ಕೇಳಿದರು: "ನಮ್ಮೂರಲ್ಲಿ ಕಟ್ಟೆ ಒಡೆಯೋಕೆ ಜನ ಬಿಡದೆ ಅರ್ಧ ಕೆಲಸ ಹಾಗೇ ನಿಂತಿದೆ. ನೀವು ಹೇಗೆ ಒಪ್ಪಿಸಿದಿರಿ?" ಮೇಡಂ ಬಿಡಿಸಿ ಹೇಳಿದರು. ಚೌಕಗಳಲ್ಲಿ ಎಲ್ಲರೂ ಬರೆದುಕೊಳ್ಳುತ್ತಿದ್ದರು. ಕಲಿಯಲು ಹೋದವರಿಗೆ ಕಲಿಸುವ ಭಾಗ್ಯವೂ ಸಿಕ್ಕಿತ್ತು. ಅವರ ಎದೆ ತುಂಬಿ ಬಂತು.

ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗಂಡ ತಾಯಿಯ ಕಡೆ ತಿರುಗಿ ಪಿಸುಗುಟ್ಟಿದರು. "ಇನ್ನು ಮೇಲೆ ಪಾಠದ ಸಂಜೆ ಅಡುಗೆ ನಾನೇ ನೋಡಿಕೊಳ್ಳುತ್ತೀನಮ್ಮ."

"ಉಪ್ಪು ನಾನು ಹಾಕ್ತೀನಿ, ನೀನು ಮುಟ್ಟಬೇಡ," ಅಂದರು ಅತ್ತೆ. "ಮೆಲ್ಲಗೆ ಮಾತಾಡೋ, ಸೊಸೆ ಪಾಠದಲ್ಲಿದ್ದಾಳೆ."

ಪುರಸಭೆ, ಪಂಚಾಯಿತಿಗಳಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ ಅಧಿಕಾರಿಗಳೇ, ನಿಮ್ಮ ಅನುಭವವನ್ನು ಯಾರೂ ಅಳೆಯಲು ಬರುತ್ತಿಲ್ಲ. ಆನ್‌ಲೈನ್ ತರಬೇತಿಯ ಕರೆ ಬಂದರೆ ಬೇರೆಯವರನ್ನು ಕೂರಿಸಬೇಡಿ, ನೀವೇ ಕೂತುಕೊಳ್ಳಿ. ಊರು ಬಿಟ್ಟು ಹೋಗಬೇಕಿಲ್ಲ, ಮೊಬೈಲ್ ಇದ್ದರೂ ಸಾಕು. ಯಂತ್ರ ಅಭ್ಯಾಸವಿಲ್ಲದಿದ್ದರೆ ಸಂಕೋಚ ಬೇಡ, ಪಕ್ಕದವರನ್ನು ಕೇಳಿ. ಹೋಗುವಾಗ ನಿಮ್ಮೂರಿನ ಬಗೆಹರಿಯದ ದೂರು ಒಂದನ್ನು ಜೊತೆಗೆ ತೆಗೆದುಕೊಂಡು ಹೋಗಿ, ಅದನ್ನು ಎಲ್ಲರ ಮುಂದಿಡಿ. ಕಲಿತದ್ದನ್ನು ಮರುದಿನವೇ ಬೀದಿಗೆ ಇಳಿಸಿ. ಮನೆಯವರೇ, ಆ ಒಂದು ಸಂಜೆಯನ್ನು ಅವರಿಗೆ ಬಿಟ್ಟುಕೊಡಿ. ನಿಮ್ಮ ಕಚೇರಿಗೆ ಬಂದಿರುವ ತರಬೇತಿಯ ಸುತ್ತೋಲೆ ಯಾವ ಕಡತದ ಅಡಿಯಲ್ಲಿದೆಯೋ, ಇವತ್ತೇ ಹುಡುಕಿ ತೆಗೆಯಿರಿ. ನಿಮ್ಮ ಹೆಸರನ್ನು ನಿಮ್ಮ ಕೈಯಾರೆ ನೋಂದಾಯಿಸಿ.