ಕೆನ್ನೆಗೆ ತಾಗಿದ ತಂಪು

ನಾನು ಒಂದು ನೀರಿನ ಮಡಕೆ. ಅದಕ್ಕೂ ಮೊದಲು ಕೆರೆಯ ತಳದ ಮಣ್ಣು. ಬಿಸಿಲಿಗೆ ಬಿರಿಯುತ್ತಿದ್ದೆ, ಮಳೆಗೆ ಮತ್ತೆ ಮೆತ್ತಗಾಗುತ್ತಿದ್ದೆ. ಎಷ್ಟು ಕಾಲ ಹಾಗಿದ್ದೆನೋ ತಿಳಿಯದು.

ಕುಂಬಾರರ ಮನೆಯ ತಿಪ್ಪವ್ವ ನನ್ನನ್ನು ಬುಟ್ಟಿಯಲ್ಲಿ ಹೊತ್ತು ತಂದಳು. ವಯಸ್ಸಾದ ಅವಳ ಕೈಗೆ ಚಕ್ರ ತಿರುಗಿಸುವ ಕಸುವು ಉಳಿದಿರಲಿಲ್ಲ. ಮಗ ಲಾರಿ ಓಡಿಸುತ್ತಿದ್ದ. ಸೊಸೆ ರೇಣವ್ವ ಕಲಿಯದಿದ್ದರೆ ಆ ಮನೆಯ ಚಕ್ರ ನಿಂತಂತೆಯೇ.

ರೇಣವ್ವನ ಕೈಯಲ್ಲಿ ನಾನು ಎರಡು ಸಲ ಕುಸಿದೆ.

"ಈ ಮಣ್ಣು ನನ್ನ ಮಾತು ಕೇಳವಲ್ದು ಅತ್ತಿ."

"ಕೇಳದಿರಾಕ ಅದೇನು ನಿನ್ನ ಗಂಡನೇನು? ನೀರು ಹಾಕಿ ತುಳಿ. ಬಿದ್ದದ್ದನ್ನ ಮರೀತೈತಿ."

ನಿಜಕ್ಕೂ ಮರೆತೆ. ಮೂರನೆಯ ಸಲ ಎದ್ದು ನಿಂತೆ.

ಆಮೇಲೆ ಉಳಿದ ಮಡಕೆಗಳ ಜೊತೆ ನೆರಳಲ್ಲಿ ಒಣಗುವ ಕಾಲ. ತಿಪ್ಪವ್ವ ದಿನವೂ ನಮ್ಮನ್ನು ಒಬ್ಬೊಬ್ಬರಾಗಿ ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ನಾಲ್ಕನೆಯ ದಿನ ಅವಳು ತೊಟ್ಟಿಲ ಶಾಸ್ತ್ರಕ್ಕೆಂದು ಪಕ್ಕದೂರಿಗೆ ಹೋದಳು. ಅತ್ತೆ ಬರುವಷ್ಟರಲ್ಲಿ ಸುಟ್ಟು ತೋರಿಸಬೇಕೆಂಬ ಆಸೆ ರೇಣವ್ವನಿಗೆ. ನಮ್ಮನ್ನು ಬಿಸಿಲಿಗಿಟ್ಟಳು. ಸಂಜೆ ಕೆನ್ನೆಗೆ ಒತ್ತಿ ನೋಡಿದಳು. ಬೆಚ್ಚಗಿದ್ದೆವು! ಅದು ಬಿಸಿಲಿನ ಬಿಸಿ, ಒಳಗಿನ ನೀರು ಹಾಗೇ ಇತ್ತು. ಹೇಳೋಣವೆಂದರೆ ನನಗೆ ಬಾಯಿ ದೊಡ್ಡದಿತ್ತು, ಮಾತಿರಲಿಲ್ಲ.

ಮಡಕೆ ಸುಡುವ ಆವಿಗೆಯೊಳಗೆ ನಮ್ಮನ್ನು ಜೋಡಿಸಿ ಬೆಂಕಿ ಹಾಕಿದಳು. ನೀರು ಆವಿಯಾಗಿ ದಾರಿ ಹುಡುಕಿತು. ದಾರಿ ಸಿಗದಲ್ಲೆಲ್ಲ ಠಪ್, ಠಪ್! ನಡುವಿದ್ದ ಹನ್ನೆರಡು ಮಡಕೆ ಸಿಡಿದವು. ನಾನು ಅಂಚಿನಲ್ಲಿದ್ದೆ. ಬೆಂಕಿ ನಿಧಾನವಾಗಿ ಬಂತು, ನೀರು ಸದ್ದಿಲ್ಲದೆ ಹೋಯಿತು. ಮೈ ಕೆಂಪಾದಾಗ ನನ್ನ ಕಣಕಣವೂ ಪಕ್ಕದ ಕಣವನ್ನು ಹಿಡಿದು ಇನ್ನು ಬಿಡಲಾರೆ ಎಂದಿತು. ಕೆರೆಯ ಬಾಳು ಅಲ್ಲಿಗೆ ಮುಗಿಯಿತು. ಇಷ್ಟು ಗಟ್ಟಿಯಾಗಬಲ್ಲೆನೆಂದು ನನಗೇ ಗೊತ್ತಿರಲಿಲ್ಲ.

ರೇಣವ್ವ ಅಳುತ್ತಾ, ಮತ್ತೆ ಮಣ್ಣಾಗಲೆಂದು ಚೂರುಗಳನ್ನೆಲ್ಲ ಮಣ್ಣು ನೆನೆಸುವ ಗುಂಡಿಗೆ ಹಾಕಿದಳು. ಎರಡು ದಿನ ಕಳೆದರೂ ಒಂದು ಚೂರಿನ ಅಂಚೂ ಕರಗಲಿಲ್ಲ. ತಿಪ್ಪವ್ವ ಬಂದಳು.

"ಇನ್ನ ನಾ ಚಕ್ರಾ ಮುಟ್ಟಂಗಿಲ್ಲ ಅತ್ತಿ."

"ಬೆಂದದ್ದು ಹೊಳ್ಳಿ ಮಣ್ಣಾಗೂದಿಲ್ಲ, ಹುಚ್ಚಿ. ಹಂಗಂತ ದಂಡಾನೂ ಆಗೂದಿಲ್ಲ. ಒನಕಿ ತಾ."

ಇಬ್ಬರೂ ಚೂರುಗಳನ್ನು ಕುಟ್ಟಿ, ಜರಡಿ ಹಿಡಿದು, ಹೊಸ ಮಣ್ಣಿಗೆ ಕಲಸಿದರು. ಬೆಂದ ಪುಡಿ ಹಸಿಮಣ್ಣಿನೊಳಗೆ ನೀರಿಗೆ ದಾರಿ ಬಿಟ್ಟುಕೊಟ್ಟಿತು. ಈ ಸಲ ನೆರಳಲ್ಲೇ ಒಣಗಿಸಿದರು. ಮುಂದಿನ ಆವಿಗೆಯಲ್ಲಿ ಒಂದೂ ಸಿಡಿಯಲಿಲ್ಲ.

ನಾನು ಪಡಸಾಲೆಯ ಮೂಲೆಯಲ್ಲಿ ಉಳಿದೆ. ಎಷ್ಟೋ ಬೇಸಿಗೆ ನೀರು ತಣಿಸಿದೆ. ತಿಪ್ಪವ್ವನ ಕೊನೆಯ ಗುಟುಕೂ ನನ್ನದೇ. ಮೊನ್ನೆ ಕರುವೊಂದು ಹಗ್ಗ ಜಗ್ಗಿ ನನ್ನನ್ನು ಉರುಳಿಸಿತು. ತಲೆ ನರೆತ ರೇಣವ್ವ ಚೂರುಗಳನ್ನು ಆರಿಸಿದಳು, ಗುಂಡಿಯತ್ತ ನೋಡಲೂ ಇಲ್ಲ. ನೇರ ಒನಕಿ ತಂದಳು.

ಈಗ ನಾನು ಹೊಸ ಮಡಕೆಗಳ ಮೈಯೊಳಗೆ ಅಲ್ಲಲ್ಲಿ ಇದ್ದೇನೆ. ಸುತ್ತಲಿನ ಹಸಿಮಣ್ಣು ನನ್ನ ಹಳೆಯ ಕೆರೆಯದೇ. ಅದು ಇನ್ನೂ ಕರಗಬಲ್ಲದು, ನಾನು ಕರಗಲಾರೆ. ಆದರೂ ಒಂದೇ ಗೋಡೆಯಾಗಿ ನಿಂತಿದ್ದೇವೆ. ಇವತ್ತು ರೇಣವ್ವ ನಮ್ಮಲ್ಲೊಂದನ್ನು ಎತ್ತಿ ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿದಳು.

"ಇನ್ನೂ ತಣ್ಣಗೈತಿ," ಎಂದು ಮೆಲ್ಲಗೆ ನೆರಳಿಗೇ ಇಟ್ಟಳು. "ನಾಳೆ ನೋಡೂಣು."