ದನಿ ಎತ್ತದ ಗೌಡ

“ಕಾಲಿಗೆ ಬೀಳಬ್ಯಾಡ್ರಿ ಅಂದೆ. ಎಷ್ಟ ಸಲ ಹೇಳಬೇಕ್ರಿ ನಿಮಗ? ನಮ್ಮಪ್ಪ ಯಾರ ಕಾಲಿಗೂ ಬಿದ್ದಾಂವಲ್ಲ.”

ನಾಟಕದ ತಾಲೀಮಿನಲ್ಲಿ ನನ್ನ ಪಾದ ಹಿಡಿದು ಕುಳಿತಿದ್ದ ಯಜ್ಞೇಶ್ವರ ಮಾಸ್ತರರು ತಲೆ ಎತ್ತಿದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅಳುವುದರಲ್ಲಿ ಮನುಷ್ಯ ಭಾರೀ ತಯಾರು.

“ಗಿರಿಯಪ್ಪಾ, ಇದು ನಿಮ್ಮಪ್ಪ ಅಲ್ಲಪಾ. ಪಾತ್ರ.”

“ಕಥಿ ಯಾರದ್ರಿ?”

ಕಥೆ ನನ್ನದು. ಸಪ್ತಾಪುರದ ಅವರ ಮನೆಯಲ್ಲಿ ಚಹಾ ಕುಡಿಯುತ್ತ ನಾನೇ ಹೇಳಿದ್ದೆ. ಹೆಬ್ಬಳ್ಳಿ ಕಡೆಯ ನಮ್ಮೂರಿನಲ್ಲಿ ಅಪ್ಪ ಗೌಡನ ಮನೆಯ ಆಳು. ನಾನು ಐದನೇ ಇಯತ್ತೆಯಲ್ಲಿದ್ದಾಗ ಗೌಡ, ಮಗನನ್ನು ಸಾಲಿ ಬಿಡಿಸಿ ದನ ಕಾಯಲು ಕಳಿಸು ಎಂದ. ಅಪ್ಪ ಎತ್ತು ಹೊಡೆಯುವ ಬಾರಕೋಲನ್ನು ಗೌಡನ ಮುಂದೆ ಇಟ್ಟು ಹೊರಬಿದ್ದ. ಸಾಯುವತನಕ ಆ ಓಣಿಗೆ ಹೋಗಲಿಲ್ಲ. ಅದಕ್ಕೇ ನಾನು ನಾಲ್ಕಕ್ಷರ ಕಲಿತೆ.

ಮಾಸ್ತರರು ಇದನ್ನೇ ನಾಟಕ ಮಾಡಿದರು. ಅವರ ನಾಟಕದಲ್ಲಿ ಗೌಡ ಗುಡುಗುತ್ತಾನೆ, ಆಳು ಅತ್ತು ಕಾಲಿಗೆ ಬೀಳುತ್ತಾನೆ, ಗೌಡನ ಮನಸ್ಸು ಕರಗುತ್ತದೆ. ಅಮರಗೋಳದ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಲಿಲಾವಿನಲ್ಲಿ ದರ ಕೂಗಿದ ಗಂಟಲೆಂದು ಗೌಡನ ಪಾತ್ರ ನನಗೆ ಕೊಟ್ಟರು. ಚಪ್ಪಾಳೆ ಬೀಳುವ ಆಳಿನ ಪಾತ್ರ ತಾವಿಟ್ಟುಕೊಂಡರು. ರವಿವಾರ ಪ್ರಯೋಗ. ನಮ್ಮವ್ವ ಶೇವಂತೆವ್ವ ಮೊದಲ ಸಾಲಿನಲ್ಲಿ ಕೂಡುವವಳು. ತನ್ನ ಗಂಡ ಗೌಡನ ಪಾದಕ್ಕೆ ಹಣೆ ಹಚ್ಚುವುದನ್ನು ಅವಳು ನೋಡಬೇಕೇ?

ನಾಟಕ ಆಡಿಸುತ್ತಿದ್ದ ಸುಲಭಾ ಬಾಯಿ ನಡುವೆ ಬಂದರು. ಇನ್ನು ನಾಲ್ಕೇ ದಿನ, ಈಗ ಏನೂ ಬದಲಿಸಲಾಗದು ಎಂದರು. ಜನ ಅಳಬೇಕಾದರೆ ಆಳು ಅಳಲೇಬೇಕು ಎಂದು ಮಾಸ್ತರರು ಶಾಂತವಾಗಿ ತಿಳಿಹೇಳಿದರು. ಆ ಶಾಂತಿಯೇ ನನಗೆ ಆಗುವುದಿಲ್ಲ. ನಾನು ಒದರಿದಷ್ಟೂ ಅವರ ದನಿ ಇಳಿಯುತ್ತದೆ. ನೋಡಿದವರಿಗೆ ನಾನೇ ಮೃಗ. ತಬಲಾ ಬಾರಿಸುವ ಫರಾಜನಿಗೂ ‘ರೀ’ ಅನ್ನುವವರು ನನಗೆ ಮಾತ್ರ ‘ಅಪಾ’ ಅನ್ನುತ್ತಾರೆ.

“ನಿನಗ ಸಿಟ್ಟು ಲಗೂ ಬರ್ತದಪಾ. ಅದಕ್ಕ ಗೌಡ ನಿನಗ ಬರೋಬ್ಬರಿ ಒಪ್ಪತಾನ.”

“ಗೌಡ ಸಿಟ್ಟಿನಾಂವ ಅಂತ ನಾ ಯಾವಾಗ ಹೇಳೇನ್ರಿ? ಬಾರಕೋಲ ಹಿಡಕೊಂಡು ನಿಂದರ್ರಿ. ಗೌಡ ಹೆಂಗಿದ್ದ ತೋರಸ್ತೇನಿ.”

ಅವರು ನಿಂತರು. ನಾನು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದೆ. ಮಾಸ್ತರರ ಹಾಗೆ ಕತ್ತು ಒಂದು ಕಡೆ ವಾಲಿಸಿ ಸಣ್ಣಗೆ ನಕ್ಕೆ. ದನಿ ಇಳಿಸಿದೆ.

“ಬಾರಪಾ. ಅಲ್ಲೇ, ಅಲ್ಲೇ ನಿಂದ್ರು. ಬ್ಯಾಸರ ಮಾಡ್ಕೋಬ್ಯಾಡ, ನಿನ್ನ ಛಲೋದಕ್ಕ ಹೇಳ್ಲಿಕ್ಕತ್ತೀನಿ. ನಿಮ್ಮಂಥವರಿಗೆ ಸಾಲಿ ಯಾಕಪಾ?”

ಫರಾಜ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಸುಲಭಾ ಬಾಯಿ ನೆಲ ನೋಡಿದರು. ನನ್ನ ಬಾಯಲ್ಲಿ ಮಾತಾಡಿದವರು ಯಾರೆಂದು ಎಲ್ಲರಿಗೂ ಗೊತ್ತಾಗಿತ್ತು. ಆದರೆ ಸುಳ್ಳಾಡಿರಲಿಲ್ಲ ನಾನು. ನಮ್ಮೂರ ಗೌಡ ಹೀಗೇ ಮಾತಾಡುತ್ತಿದ್ದ. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದನೇನೋ.

ಮಾಸ್ತರರ ಮುಖ ಬಿಳಚಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಪಾದ ಮುಂದೆ ಚಾಚಿದೆ.

“ಅಳಪಾ, ಈಗ ಅಳು. ಕಾಲು ಇಲ್ಲೇ ಅವ.”

ಅವರು ಅಳಲಿಲ್ಲ. ನನ್ನನ್ನೇ ನೋಡಿದರು. ಬಾಗಿ, ಸದ್ದಾಗದಂತೆ ಬಾರಕೋಲನ್ನು ನನ್ನ ಮುಂದೆ ಇಟ್ಟರು. ತಿರುಗಿ ಬಾಗಿಲತ್ತ ನಡೆದರು. ಬೆನ್ನು ನೆಟ್ಟಗಿತ್ತು.

“ಹಿಂಗ ನೋಡ್ರಿ,” ಅಂದೆ. “ನಮ್ಮಪ್ಪ ಹಿಂಗ ಹೋದ.”

ಕೇಳಿಸಿತೋ ಇಲ್ಲವೋ. ಹೊರಗೆ ಸ್ಕೂಟರ್ ಶುರುವಾಯಿತು. ಸುಲಭಾ ಬಾಯಿ ಹಿಂದೆ ಓಡಿಹೋಗಿ ಒಬ್ಬರೇ ಮರಳಿದರು. ಈಗಲೇ ಹೋಗಿ ತಪ್ಪಾಯಿತು ಅನ್ನು ಎಂದು ನನಗೆ ಹೇಳಿದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಆ ನಡಿಗೆಯನ್ನು ಅವ್ವ ನೋಡಬೇಕಿತ್ತು. ರವಿವಾರ ಸಭಾಭವನಕ್ಕೆ ಬೀಗ ಹಾಕಿತ್ತು. ಮಾಸ್ತರರು ತಿರುಗಿ ಬರಲಿಲ್ಲ.