ಸಾಲಿನ ಹಿಂದೆ ನಿಂತವನು

ಎಂಬತ್ತು ಜನರ ತುಕಡಿಗೆ ಒಬ್ಬ ಸೆಂಚುರಿಯನ್. ಕಿವಿಯಿಂದ ಕಿವಿಗೆ ಅಡ್ಡಲಾಗಿ ಕೆಂಪು ತುರಾಯಿ ಇರುವ ಶಿರಸ್ತ್ರಾಣ ತೊಟ್ಟು ಅವನು ಮುಂದಿನ ಸಾಲಿನ ಬಲತುದಿಯಲ್ಲಿ ನಿಲ್ಲುತ್ತಾನೆ. ಅವನ ಕೈಕೆಳಗಿನ ಆಪ್ಟಿಯೋ ಎಲ್ಲರ ಹಿಂದೆ ಉದ್ದನೆಯ ಕೋಲು ಹಿಡಿದು, ಯಾರೂ ಓಡಿಹೋಗದಂತೆ ಕಾಯುತ್ತಾನೆ. ರೋಮನ್ ಸೈನ್ಯದ ಈ ಏರ್ಪಾಡು ಎರಡು ಸಾವಿರ ವರ್ಷ ಹಳೆಯದು. ಪರ್ತ್‌ನ ಡಾಕ್ಟರ್ ಭರತೇಶನಿಗೆ ಮಾತ್ರ ಅದು ಪ್ರತಿ ಭಾನುವಾರದ ಸಂಗತಿ. ಸೈನಿಕರ ವೇಷ ತೊಟ್ಟು ಕವಾಯತು ಮಾಡುವ ಅವರ ಕ್ಲಬ್ಬಿನಲ್ಲಿ ಇಪ್ಪತ್ತಾರೇ ಜನ, ಉಳಿದವರನ್ನು ಊಹಿಸಿಕೊಳ್ಳಬೇಕು. ಹನ್ನೊಂದು ವರ್ಷದಿಂದ ಅವನು ಅಲ್ಲಿ ಆಪ್ಟಿಯೋ.

ನೀರು ಸೋಸಿ ಕುಡಿಯುವ ಜೈನರ ಮನೆಯವನಿಗೆ ಕತ್ತಿ ಗುರಾಣಿಯ ಹುಚ್ಚು ಹೇಗೆ ಹಿಡಿಯಿತೆಂದು ಕೇಳಿದರೆ ಹೆಂಡತಿ ಇಂದುಮತಿ ಹಣೆ ಚಚ್ಚಿಕೊಳ್ಳುತ್ತಾಳೆ. ನಿಜ ಹೇಳಬೇಕೆಂದರೆ, ಕನ್ಸಲ್ಟೆಂಟ್ ಆಗುವ ಪರೀಕ್ಷೆಯಲ್ಲಿ ನಾಲ್ಕನೇ ಸಲ ಫೇಲಾದ ವರ್ಷವೇ ಅವನು ಕ್ಲಬ್ಬು ಸೇರಿದ್ದು. ಐವತ್ತನಾಲ್ಕು ತುಂಬಿದರೂ ಆಸ್ಪತ್ರೆಯಲ್ಲಿ ಇನ್ನೂ ಕನ್ಸಲ್ಟೆಂಟರ ಕೈಕೆಳಗಿನ ರಿಜಿಸ್ಟ್ರಾರ್; ಅವನ ಕೈಯಲ್ಲಿ ಕಲಿತವರೇ ಈಗ ಅವನ ಪಾಳಿ ಬರೆಯುತ್ತಾರೆ. ಅಲ್ಲಿನ ಆಸೆ ಬಿಟ್ಟಾಗಿತ್ತು, ಉಳಿದದ್ದು ಅಡ್ಡ ತುರಾಯಿ ಒಂದೇ. ಬಡ್ತಿಗೆ ಕಾದಿರುವ ಆಪ್ಟಿಯೋಗೆ ರೋಮನ್ನರು ‘ಪದವಿಯ ಆಸೆಯಲ್ಲಿರುವವನು’ ಎಂದೇ ಹೆಸರಿಟ್ಟಿದ್ದರು. ಅದನ್ನು ಓದಿದ ದಿನ ಅವನ ಕಣ್ಣು ತುಂಬಿ ಬಂದಿತ್ತು.

ಎರಡು ವರ್ಷದ ಹಿಂದೆ ಬ್ರಿಸ್ಬೇನ್‌ನಲ್ಲಿ ಇಂಥ ಕ್ಲಬ್ಬುಗಳ ಕೂಟ ನಡೆದಾಗ, ಹಿರಿತನ ನೋಡಿ ಬಡ್ತಿ ಕೊಡೋಣ ಎಂಬ ಸಲಹೆ ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಕ್ಲಬ್ಬುಗಳ ನಿಯಮಗಳ ಕೈಪಿಡಿ ಬರೆದವನು ಅವನೇ ಅಲ್ಲವೇ, ಸುಮ್ಮನಿರುವುದುಂಟೇ? ಎದ್ದು ನಿಂತು ಒಂದು ಗಂಟೆ ವಾದಿಸಿದ. ಸೆಂಚುರಿಯನ್ನನ್ನು ಲೆಗೇಟ್, ಅಂದರೆ ಇಡೀ ಸೈನ್ಯದ ದಂಡನಾಯಕ ನೇಮಿಸಬೇಕು. ಆಪ್ಟಿಯೋನನ್ನು ಆ ಸೆಂಚುರಿಯನ್ ತಾನೇ ಆರಿಸಿಕೊಳ್ಳಬೇಕು. ವರ್ಷ ಎಣಿಸುವುದು ಸರ್ಕಾರಿ ಆಫೀಸಿನ ಪದ್ಧತಿ ಎಂದ. ಎಲ್ಲರೂ ಚಪ್ಪಾಳೆ ತಟ್ಟಿ ನಿಯಮ ಪಾಸು ಮಾಡಿದರು.

ಈ ವರ್ಷ ಪರ್ತ್‌ನ ಸೆಂಚುರಿಯನ್ ಬಿಲ್, ಮಂಡಿ ನೋವೆಂದು ಸ್ಥಾನ ಬಿಟ್ಟ. ಮುಂದಿನವನು ಯಾರೆಂದು ಭರತೇಶನಿಗೆ ಅನುಮಾನವೇ ಇರಲಿಲ್ಲ. ಕ್ಯಾನಿಂಗ್ ವೇಲ್‌ನ ತನ್ನ ಮನೆಯ ಗ್ಯಾರೇಜಿನಲ್ಲಿ ಎರಡು ತಿಂಗಳು ಕೂತು ಶಿರಸ್ತ್ರಾಣ ಮಾಡಿದ. ಕುದುರೆ ಕೂದಲು ಬೇಡವೆಂದು ಸೆಣಬಿಗೆ ಕೆಂಪು ಬಣ್ಣ ಹಾಕಿ ತುರಾಯಿ ಕಟ್ಟಿದ. ಚರ್ಮದ ಬದಲು ಹತ್ತಿಯ ಪಟ್ಟಿ ಹೊಲಿದ. ಅದನ್ನು ಬಟ್ಟೆಯಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿಟ್ಟುಕೊಂಡು ಈ ಸಲದ ಕೂಟಕ್ಕೆಂದು ಅಡಿಲೇಡ್‌ನ ವಿಮಾನ ಹತ್ತಿದ.

ಅಲ್ಲಿನ ಮಾಸನ್ ಲೇಕ್ಸ್‌ನ ಮೈದಾನದಲ್ಲಿ ಬೆಳಿಗ್ಗೆ ಹತ್ತಕ್ಕೆ ಎಲ್ಲ ಕ್ಲಬ್ಬುಗಳ ಲೆಗೇಟ್ ಹಾಳೆ ತೆಗೆದು ಓದಿದ. ಪರ್ತ್‌ನ ಸೆಂಚುರಿಯನ್, ವರುಣ.

ವರುಣ ಪರ್ತ್‌ನದೇ ಎಲೆನ್‌ಬ್ರೂಕ್ ಬಡಾವಣೆಯ ಸಾಫ್ಟ್‌ವೇರ್ ಇಂಜಿನಿಯರ್, ಭರತೇಶನಂತೆ ಮೈಸೂರಿನವನೇ. ಅವನನ್ನು ಕ್ಲಬ್ಬಿಗೆ ಕರೆತಂದು, ಗುರಾಣಿ ಹಿಡಿಯಲು ಕಲಿಸಿದವನು ಭರತೇಶ. ವರುಣನ ದನಿ ದೊಡ್ಡದು, ಜನ ಅವನ ಹಿಂದೆ ಹೋಗುತ್ತಾರೆ ಎಂದು ಲೆಗೇಟ್ ಕಾರಣ ಹೇಳಿದ. ಅದು ನಿಜವೂ ಆಗಿತ್ತು. ಆಸ್ಪತ್ರೆಯಲ್ಲಾದರೆ ನಮ್ಮ ಬಣ್ಣ ನೋಡಿ ತುಳಿದರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಇಲ್ಲಿ ಅದಕ್ಕೂ ದಾರಿಯಿರಲಿಲ್ಲ.

“ಅಂಕಲ್, ನಂಗೇ ಗೊತ್ತಿರ್ಲಿಲ್ಲ,” ಎಂದು ವರುಣ ಓಡಿ ಬಂದ. “ಪೆರೇಡಿಗೆ ಹೆಲ್ಮೆಟ್ಟೂ ಇಲ್ಲ. ಬಿಲ್‌ದು ಸಿಕ್ಕಾಪಟ್ಟೆ ಲೂಸು.”

ಸೆಂಚುರಿಯನ್ನನ ಸಜ್ಜು ಸರಿಯಿದೆಯೇ ಎಂದು ನೋಡುವುದು ಆಪ್ಟಿಯೋನ ಕೆಲಸ. ಹಾಗೆಂದು ಕೈಪಿಡಿಯಲ್ಲಿ ಬರೆದಿದ್ದ. ಭರತೇಶ ಹೋಗಿ ಸೂಟ್‌ಕೇಸ್ ತೆರೆದ.

“ಎಷ್ಟ್ ಚೆನ್ನಾಗಿದೆ ಅಂಕಲ್. ಯಾವಾಗ ಮಾಡಿದ್ರಿ?”

“ಸುಮ್ನೆ ಮಾಡ್ದೆ. ಒಂದು ಸ್ಪೇರ್ ಇರ್ಲಿ ಅಂತ.”

ಪಟ್ಟಿಯನ್ನು ತನ್ನ ಗಲ್ಲದ ಅಳತೆಗೆ ಹೊಲಿದಿದ್ದ. ವರುಣನಿಗೆ ಅದು ಸಡಿಲವಾಯಿತು. ಭರತೇಶ ಎರಡು ಬೆರಳಷ್ಟು ಮಡಚಿ, ಗಂಟು ಹಾಕಿ ಕಟ್ಟಿದ.

“ಇನ್ನೊಂದ್ ವಿಷ್ಯ ಅಂಕಲ್. ಆಪ್ಟಿಯೋನ ನಾನೇ ಚೂಸ್ ಮಾಡ್ಬೇಕಂತಲ್ಲ, ಕೈಪಿಡೀಲಿ ಹಾಗಿದೆ. ನಿಕಿತಾಗೆ ಕೊಡೋಣ ಅಂತಿದೀನಿ. ನಿಮ್ಗೂ ಹಿಂದೆ ನಿಂತೂ ನಿಂತೂ ಸಾಕಾಗಿರತ್ತೆ. ಸಾಲಲ್ಲಿ ನಮ್ ಜೊತೆ ಆರಾಮಾಗಿ ಇರಿ.”

ವರುಣನ ಮುಖದಲ್ಲಿ ಕಪಟವಿರಲಿಲ್ಲ, ಉಪಕಾರ ಮಾಡುತ್ತಿದ್ದೇನೆಂದೇ ಅವನು ನಂಬಿದ್ದ. “ಆಯ್ತಪ್ಪ,” ಎಂದ ಭರತೇಶ. ಹೋದ ವರ್ಷವಷ್ಟೇ ಸೇರಿದ್ದ ನಿಕಿತಾಳ ಕೈಗೆ ಕೋಲು ಕೊಟ್ಟು, ಬಾಡಿಗೆ ಗುರಾಣಿಯೊಂದನ್ನು ಎತ್ತಿಕೊಂಡು ಕೊನೆಯ ಸಾಲಿನಲ್ಲಿ ಹೋಗಿ ನಿಂತ.

ದೂರದಲ್ಲಿ, ಬಲತುದಿಯಲ್ಲಿ, ಕೆಂಪು ಸೆಣಬು ಬಿಸಿಲಿಗೆ ಹೊಳೆಯುತ್ತಿತ್ತು. ಕವಾಯತು ಶುರುವಾಯಿತು. ಇನ್ನು ಒಂದು ಕ್ಷಣ ನಿಂತರೆ ಎದೆ ಒಡೆದುಹೋಗುತ್ತದೆ ಅನ್ನಿಸಿತು. ಎಲ್ಲ ಬಿಸಾಡಿ ಎಲ್ಲಿಗಾದರೂ ಹೊರಟುಹೋಗಬೇಕೆಂದು ಅವನು ಅರ್ಧ ಹೆಜ್ಜೆ ಹಿಂದೆ ಸರಿದ.

ಬೆನ್ನಿಗೆ ಕೋಲು ಬಂದು ತಾಕಿತು. ನೋವಾಗದಂತೆ, ಆದರೆ ಹಿಂದೆ ಸರಿಯಲಾಗದಂತೆ. ಎಷ್ಟು ಒತ್ತಬೇಕೆಂದು ನಿಕಿತಾಳಿಗೆ ಕಲಿಸಿಕೊಟ್ಟವನು ಅವನೇ. ಭರತೇಶ ಮತ್ತೆ ಸಾಲಿಗೆ ಸೇರಿಕೊಂಡ.